ಪರದೆಯ ಹಿಂದಿನ ಎಡಚ

ಹುಬ್ಬಳ್ಳಿಗೆ ಡೇರೆ ಸಿನಿಮಾ ಬಂದಾಗ ಗಂಡಸರು ಪರದೆಯ ಮುಂದೆ ಕೂಡುತ್ತಿದ್ದರು, ಹೆಂಗಸರು ಮಕ್ಕಳು ಹಿಂದೆ. ಆಟಕ್ಕೆ ಮೊದಲು ಬಿಳಿ ಬಟ್ಟೆಗೆ ನೀರು ಚಿಮುಕಿಸುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಬೆಳಕು ಹಾದು ಚಿತ್ರ ನಮ್ಮ ಕಡೆಗೂ ಮೂಡುತ್ತಿತ್ತು, ಆದರೆ ಎಡ ಬಲವಾಗಿ, ಬಲ ಎಡವಾಗಿ. ಹಾಗೆಂದು ನಮಗೆ ಯಾರೂ ಹೇಳಿರಲಿಲ್ಲ. ಮಾತಿಲ್ಲದ ಚಿತ್ರಗಳ ಕಾಲ. ನಡುವೆ ಬರುವ ಅಕ್ಷರ ಓದಲು ನಮ್ಮ ಕಡೆ ಯಾರಿಗೂ ಬರುತ್ತಿರಲಿಲ್ಲ. ಒಬ್ಬ ಕೋಲು ಹಿಡಿದು ನಿಂತು ಕಥೆ ಕೂಗಿ ಹೇಳುತ್ತಿದ್ದ. ನಾಯಕಿಯ ಸೆರಗು ಬಲಭುಜದ ಮೇಲೆ ಕಂಡದ್ದೇ ತಡ, ಅವಳು ಗುಜರಾತಿನವಳೆಂದು ಹೆಂಗಸರು ತೀರ್ಮಾನಿಸಿದರು. ಪೂಜಾರಿ ಎಡಗೈಯಲ್ಲಿ ಆರತಿ ಎತ್ತಿದಾಗ, "ಮುಂಬೈ ಮಂದಿಗೆ ಮಡಿ ಮೈಲಿಗಿ ಎಲ್ಲೈತಿ ಬಿಡವಾ" ಎಂದರು.

ನಾಯಕ ಎಡಗೈಯಲ್ಲಿ ಕತ್ತಿ ಹಿರಿದಾಗ ಅವ್ವ ಮಾತ್ರ ನೆಟ್ಟಗೆ ಕೂತಳು.

ನನ್ನಪ್ಪ ಎಡಚ. ದುರ್ಗದಬೈಲಿನಲ್ಲಿ ಅವನ ಹೊಲಿಗೆ ಅಂಗಡಿ. ಎಡಗೈಯಲ್ಲಿ ಕತ್ತರಿಸಿದ ಬಟ್ಟೆ ಶುಭಕಾರ್ಯಕ್ಕೆ ಬೇಡವೆಂದು ಮದುವೆಯ ಅಂಗಿಗಳನ್ನು ಬೇರೆಡೆ ಒಯ್ಯುವ ಮಹಾನುಭಾವರಿದ್ದರು. ಚಿಕ್ಕಂದಿನಲ್ಲಿ ಅಜ್ಜಿ ಆ ಕೈಗೆ ಬರೆ ಹಾಕಿದ್ದಳಂತೆ. ಕೈ ಬದಲಾಗಲಿಲ್ಲ, ಕಲೆ ಉಳಿಯಿತು.

ಆ ಚಿತ್ರ ನಮ್ಮನ್ನು ಹಿಡಿದಿಟ್ಟ ಬಗೆ ಈಗ ಯೋಚಿಸಿದರೆ ಬಲು ಸರಳ. ನಾಯಕಿ ಕಣಿವೆಯ ಮೇಲೆ ಹಗ್ಗ ಹಿಡಿದು ತೂಗುತ್ತಿದ್ದಾಳೆ. ಹಗ್ಗ ಹರಿಯುವುದನ್ನು ತೋರಿಸಿ, ಥಟ್ಟನೆ ಅದನ್ನು ಬಿಟ್ಟು ದೂರದಲ್ಲಿ ಬರುವ ಕುದುರೆಯನ್ನು ತೋರಿಸುತ್ತಾರೆ. ಮತ್ತೆ ಹಗ್ಗ, ಇನ್ನೊಂದೇ ಎಳೆ. ಆಮೇಲೆ ಪರದೆ ತುಂಬ ಅವಳ ಕಣ್ಣು. ಹಗ್ಗ ಹರಿಯುತ್ತಿರುವುದು ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ಸರಿಯಾಗಿ ಆಗಲೇ ರೀಲು ಮುಗಿದು ಕತ್ತಲು! ಅವ್ವ ನನ್ನ ಮುಂಗೈ ಹಿಂಡುತ್ತಿದ್ದಳು. ಕುದುರೆ ಬಂದೇ ಬರುತ್ತದೆಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಕಾಯುವುದರಲ್ಲಿ ಒಂದು ಸುಖವಿತ್ತು.

ಮನೆಯಲ್ಲಿ ಅಜ್ಜಿಯ ಎದುರು ಅವ್ವ ಅಪ್ಪ ಮಾತಾಡುವಂತಿರಲಿಲ್ಲ. ಆಟ ಮುಗಿಸಿ ನಡೆದು ಬರುವ ಹಾದಿಯೇ ಅವರ ಸಂಸಾರ. ಅಂದು ಅವ್ವ ಸೆರಗು ಬಾಯಿಗೆ ಹಿಡಿದು ಹೇಳಿದಳು: "ಎಡಗೈ ಆದ್ರೇನಾತ್ರಿ? ಕತ್ತಿ ಹಿಡದ್ರ ಅವನ ಮುಂದ ಯಾರೂ ನಿಂದ್ರೂದಿಲ್ಲ."

ಅಪ್ಪ ಅವಳ ಮುಖ ನೋಡಿದ. ಆಮೇಲೆ "ಖರೇ ಐತಿ" ಎಂದು ನಕ್ಕ. ಬಲಗೈಯಲ್ಲಿದ್ದ ಕೊಡೆಯನ್ನು ಎಡಗೈಗೆ ಬದಲಾಯಿಸಿಕೊಂಡ. ಆ ಚಿತ್ರ ಊರಲ್ಲಿ ಇದ್ದಷ್ಟು ದಿನ ನಮ್ಮನ್ನು ಮತ್ತೆ ಮತ್ತೆ ಕರೆದೊಯ್ದ.

ಅಪ್ಪ ಜ್ವರದಲ್ಲಿ ಹೋದ. ಅವ್ವ ಸಿನಿಮಾದ ಹೆಸರೆತ್ತಲಿಲ್ಲ. ಊರಿಗೆ ಕಟ್ಟಡದ ಥಿಯೇಟರು ಬಂತು, ಮಾತಾಡುವ ಚಿತ್ರಗಳು ಬಂದವು. ನನಗೆ ಮದುವೆಯಾಗಿ ಮಗುವೂ ಆಯಿತು. ಒಮ್ಮೆ ಅದೇ ಹಳೆಯ ಮೂಕಚಿತ್ರವನ್ನು ಮತ್ತೆ ತಂದಿದ್ದಾರೆಂದು ಹೇಳಿದೆ. ಅವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

"ಕರಕೊಂಡು ಹೋಗ್ತೀ ಏನು? ಅವನ್ನ ಇನ್ನೊಮ್ಮಿ ನೋಡಬೇಕನಸ್ತೈತಿ."

ಈ ಸಲ ಹೆಂಗಸರಿಗೆ ಮೇಲಂತಸ್ತು, ಪರದೆಯ ಎದುರಿಗೇ. ಕೆಳಗೆ ಗಂಡಸರು. ನಾಯಕ ಬಂದ, ಬಲಗೈಯಲ್ಲಿ ಕತ್ತಿ ಹಿರಿದ.

"ಇವ ಬ್ಯಾರೆದಾವ," ಎಂದಳು ಅವ್ವ.

ಆದರೆ ಅದೇ ಕಣಿವೆ, ಅದೇ ಹಗ್ಗ. ನಾಯಕಿಯ ಸೆರಗು ಈಗ ನಮ್ಮಂತೆಯೇ ಎಡಭುಜಕ್ಕಿತ್ತು. ಅವ್ವ ಅದನ್ನೇ ನೋಡಿದಳು; ಮೆಲ್ಲಗೆ ತನ್ನ ಸೆರಗು ಮುಟ್ಟಿಕೊಂಡಳು.

"ನಾವು ಹಿಂದಿನಿಂದ ನೋಡಿದ್ವಿ," ಎಂದಳು ಕೊನೆಗೆ. "ನಿಮ್ಮಪ್ಪಾರು ಮುಂದ ಕುಂದರತಿದ್ರು. ಅವರಿಗೆ ಕತ್ತಿ ಬಲಗೈಯಾಗ ಕಾಣ್ತಿತ್ತು. ಒಂದಿನಾನೂ ನನಗ ಅಲ್ಲ ಅನ್ನಲಿಲ್ಲ ನೋಡು."

ಪರದೆಯ ಮೇಲೆ ಹಗ್ಗದ ಕೊನೆಯ ಎಳೆ ಉಳಿದಿತ್ತು. ಸುತ್ತಲಿನವರು ಉಸಿರು ಬಿಗಿಹಿಡಿದಿದ್ದರು. ಅವ್ವ ಅತ್ತ ನೋಡುತ್ತಲೇ ಇರಲಿಲ್ಲ. ಬಗ್ಗಿ, ಕೆಳಗೆ ಗಂಡಸರು ಕೂತ ಸಾಲುಗಳನ್ನು ಒಂದೊಂದಾಗಿ ನೋಡುತ್ತಿದ್ದಳು.