ಚಿಲಕ ಯಾವ ಕಡೆಗಿದೆ?

ಕೋವಿಡ್ ಮುಗಿದ ಮರುವರ್ಷ ನಾನು ವಿಕ್ರೋಳಿಯ ಒಂದು ಆಡಿಯೊ ಕಥೆಗಳ ಕಂಪನಿಯಲ್ಲಿ ಕನ್ನಡದ ಸ್ಕ್ರಿಪ್ಟ್ ಎಡಿಟರ್ ಆಗಿದ್ದೆ. ಬರುತ್ತಿದ್ದುದೆಲ್ಲ ಕೊಲೆ, ದೆವ್ವ, ಸೇಡು. ಪ್ರತಿ ಕಂತನ್ನೂ ಎರಡು ಸಲ ಓದುವುದು ನನ್ನ ಪದ್ಧತಿ. ಮೊದಲ ಓದು ಕಥೆಗಾಗಿ. ಎರಡನೆಯದು ಕಂಟಿನ್ಯುಟಿಗಾಗಿ, ಅಂದರೆ ಬೀಗದ ಕೈ ಯಾರ ಬಳಿ ಇದೆ, ಯಾವ ಬಾಗಿಲು ತೆರೆದಿದೆ ಎಂಬುದು ಕೊನೆತನಕ ತಾಳೆಯಾಗುತ್ತದೆಯೇ ಎಂದು ನೋಡಲು.

"ಏನ್ರೀ ಮೇಡಂ, ದೆವ್ವಕ್ಕೂ ಟೈಮ್‌ಟೇಬಲ್ ಹಾಕ್ತೀರೇನು?" ಎಂದು ಬೆಳಗಾವಿ ಕಡೆಯ ಪ್ರೊಡ್ಯೂಸರ್ ದೇಸಾಯಿ ಕಾಡಿಸುತ್ತಿದ್ದರು.

"ಹಾಕ್ತೀನಿ. ನಿಮಗಿಂತ ಅದೇ ಸರಿಯಾದ ಟೈಮಿಗೆ ಬರುತ್ತೆ."

ಮದುವೆಯಾಗಿ ವಡಾಲಕ್ಕೆ ಬಂದಿದ್ದ ಮೈಸೂರಿನ ರೇವತಿ ನಮಗೆ ಒಂದು ಧಾರಾವಾಹಿ ಬರೆಯುತ್ತಿದ್ದಳು. ಫ್ಲ್ಯಾಟಿನ ಕನ್ನಡಿಯಲ್ಲಿ ಸತ್ತವಳೊಬ್ಬಳು ಕಾಣಿಸಿಕೊಳ್ಳುವ ಕಥೆ. ನಡುವೆ ಒಂದು ಸಾಲು: "ಗಂಡ ಎಂದಿನಂತೆ ಹೊರಗಿನಿಂದ ಬೀಗ ಹಾಕಿ ಆಫೀಸಿಗೆ ಹೋದ." ಮುಂದಿನ ಪುಟದಲ್ಲೇ ನಾಯಕಿ ಹಾಲು ತೆಗೆದುಕೊಳ್ಳುತ್ತಾಳೆ. ಲೇಖಕಿ ಮರೆತಿದ್ದಾಳೆ ಅಂದುಕೊಂಡು ಇಬ್ಬರೂ ಆನ್‌ಲೈನಿನಲ್ಲಿ ತೆರೆಯುವ ಸ್ಕ್ರಿಪ್ಟಿನ ಅಂಚಿಗೇ ಪ್ರಶ್ನೆ ಹಾಕಿದೆ: ಬೀಗ ಹಾಕಿದ್ದರೆ ಹಾಲು ಬಂದದ್ದು ಹೇಗೆ?

"ಹೊರಗಿನ ಸೇಫ್ಟಿ ಡೋರಿನ ಗ್ರಿಲ್ ಸಂದಿಯಿಂದ ಮೇಡಂ. ಎಲ್ಲರ ಮನೇಲೂ ಹಾಗೇ ಅಲ್ವಾ?"

ಆ ಉತ್ತರ ಕಥೆಯದಲ್ಲ, ಅವಳ ಮನೆಯದೇ ಅನ್ನಿಸಿ ಕೂಡಲೇ ಅವಳ ನಂಬರು ಒತ್ತಿದೆ. ಎಷ್ಟು ಸಲ ಫೋನ್ ಮಾಡಿದರೂ ಎತ್ತಿದ್ದು ಗಂಡ. ಹಾಗಾಗಿ ಅಂಚಿನಲ್ಲೇ ಮತ್ತೆ ಕೇಳಿದೆ: ನಾಯಕಿಗೆ ಹೊರಗೆ ಬರುವ ಮನಸ್ಸಿದೆಯೆ?

"ಇದೆ. ಆದರೆ ಎಲ್ಲವನ್ನೂ ಗಂಡ ಓದುತ್ತಾನೆ."

ಊಟ ಮುಗಿಸಿ ಬರುವಷ್ಟರಲ್ಲಿ ಆ ಸಾಲೂ ಇರಲಿಲ್ಲ, ನನ್ನ ಪ್ರಶ್ನೆಗಳೂ ಇರಲಿಲ್ಲ. ಅಳಿಸಿದ್ದು ಅವಳೋ ಅವನೋ?

"ಪೊಲೀಸರನ್ನ ಮನಿಗೇ ಕಳಸೂಣೇನ್ರಿ?" ಎಂದರು ದೇಸಾಯಿ.

"ಅವನ ಎದುರಿಗೆ ಅವಳು ಎಲ್ಲ ಸರಿಯಿದೆ ಅಂದುಬಿಟ್ಟರೆ? ಆಮೇಲೆ ಅವಳ ಗತಿ?"

ರೆಕಾರ್ಡಿಂಗಿಗೆ ಮುಂಚಿನ ಓದಿಗೆ ಲೇಖಕರು ಸ್ಟುಡಿಯೋಗೆ ಬರುವುದು ನಮ್ಮಲ್ಲಿ ರೂಢಿ. ದೇಸಾಯಿ ಗಂಡನಿಗೇ ಫೋನ್ ಹಚ್ಚಿದರು. "ನೀವೂ ಬರ್ರಿ ಸರ್. ನಿಮ್ಮನಿಯವರ ಕಥಿ ನೀವು ಕೇಳದಿದ್ರ ಹೆಂಗ?"

ಇಬ್ಬರೂ ಬಂದರು. ಅವನು ನಗುಮುಖದ, ಮೆಲುಮಾತಿನ ಮನುಷ್ಯ. ನಾನೂ ರೇವತಿಯೂ ರೆಕಾರ್ಡಿಂಗ್ ಕೋಣೆಯೊಳಗೆ ಹಾಳೆ ಹಿಡಿದು ಕೂತೆವು. ದೇಸಾಯಿ ಅವನನ್ನು ಗಾಜಿನಾಚೆ ತಮ್ಮ ಪಕ್ಕ ಕೂರಿಸಿ, ಹೆಡ್‌ಫೋನ್ ಹಾಕಿ, ಹಳೆಯ ಕಂತು ಕೇಳಿಸಿದರು. ನಮ್ಮ ಮೈಕ್ ಬಂದ್. ಮೈಕಿನ ಸ್ವಿಚ್ ಅಪ್ಪಿತಪ್ಪಿ ಮೇಲೆದ್ದರೆ ನಮ್ಮ ಮಾತೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಅವನ ಕಣ್ಣು ನಮ್ಮ ಮೇಲೇ ಇತ್ತು.

"ಹಾಳೆ ನೋಡ್ತಾ, ಓದೋ ಹಾಗೆ ಮಾತಾಡು. ಇವತ್ತು ಮನೆಗೆ ಹೋಗ್ಬೇಕಾ?" ಎಂದು ಕೇಳಿದೆ.

ಅವಳು ಒಂದು ಪುಟ ಮಗುಚಿದಳು. ಇನ್ನೊಂದನ್ನೂ ಮಗುಚಿದಳು. "ಬೇಡ ಮೇಡಂ. ಘಾಟ್ಕೋಪರ್‌ನಲ್ಲಿ ಚಿಕ್ಕಮ್ಮ ಇದಾರೆ. ಅವರ ಜೊತೆ ಮಾತಾಡೋಕೂ ಬಿಟ್ಟಿಲ್ಲ."

ಮೊದಲೇ ಮಾತಾಡಿಕೊಂಡಿದ್ದ ಸನ್ನೆಯಂತೆ ನಾನು ಪೆನ್ನು ಕೆಳಗಿಟ್ಟೆ. ಅದನ್ನು ನೋಡಿದ್ದೇ ದೇಸಾಯಿ ಹೊರಗೆ ಹೋಗಿ ಪೊಲೀಸರಿಗೆ ಫೋನ್ ಮಾಡಿದರು. ಗಂಡ ಹೆಡ್‌ಫೋನ್ ಕಿತ್ತು ಎದ್ದ.

"ರೇವತಿ, ಈ ಬಾಗಿಲಿನ ಚಿಲಕ ಒಳಗಡೆ ಇದೆ" ಎಂದೆ.

ಅವಳು ನನ್ನ ಮುಖ ನೋಡಿದಳು. ಎದ್ದು ಹೋಗಿ ಚಿಲಕ ಹಾಕಿದಳು. ಅವನು ಬಾಗಿಲು ಬಡಿಯುತ್ತಿದ್ದ. ಶಬ್ದ ಒಳಗೆ ಬರುತ್ತಿರಲಿಲ್ಲ, ಚಿಲಕ ಮಾತ್ರ ಅದುರುತ್ತಿತ್ತು. ನನ್ನ ಫೋನಿನಿಂದ ಚಿಕ್ಕಮ್ಮನಿಗೆ ಕರೆ ಹೋಯಿತು. ಮಹಿಳಾ ಕಾನ್‌ಸ್ಟೇಬಲ್ ಜೊತೆ ಆಕೆ ಗಾಜಿನಾಚೆ ಕಾಣಿಸುವವರೆಗೂ ರೇವತಿ ಚಿಲಕದಿಂದ ಕೈ ತೆಗೆಯಲಿಲ್ಲ. ಕೊನೆಗೆ ತೆರೆದವಳೂ ಅವಳೇ.

ಹೆದರಿಸಲೆಂದು ಬರೆದದ್ದು ಕಲ್ಪನೆ ಇರಬಹುದು. ಬರೆಯುವವರೇ ಗಮನಿಸದೆ ದಾಟಿಹೋದ ಅರ್ಧ ಸಾಲನ್ನು ನಿಂತು ಓದಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. "ಎಂದಿನಂತೆ" ಎಂದು ಕಂಡಲ್ಲೆಲ್ಲ ಈಗಲೂ ನಿಲ್ಲುತ್ತೇನೆ.

ಧಾರಾವಾಹಿಯನ್ನು ರೇವತಿ ಘಾಟ್ಕೋಪರ್‌ನಿಂದ ಮುಗಿಸಿಕೊಟ್ಟಳು. ದೆವ್ವವನ್ನು ಹಾಗೇ ಉಳಿಸಿಕೊಂಡಿದ್ದಳು. ಬೀಗಕ್ಕೆ ಮಾತ್ರ ಒಂದು ಇಡೀ ಕಂತು ಕೊಟ್ಟಿದ್ದಳು.