ಮೊದಲ ಏರು

ಊರಿನವರು ಅವನನ್ನು ಕಂಬದಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಟವರ್ ಹತ್ತಿ ಹತ್ತಿ ಮಂಡಿ ಸವೆದಿತ್ತು, ಜಂಬ ಸವೆದಿರಲಿಲ್ಲ.

"ಈ ವೈಫೈ ಪೆಟ್ಟಿಗೆ ನೋಡು, ಎರಡು ಗೋಡೆ ದಾಟೋಷ್ಟರಲ್ಲಿ ಏದುಸಿರು ಬಿಡುತ್ತೆ. ನಮ್ಮ ಟವರಿನ ಸಿಗ್ನಲ್ಲು ಮೂವತ್ತು ಕಿಲೋಮೀಟರ್ ಹೋಗುತ್ತೆ," ಎಂದು ಹೆಂಡತಿಯನ್ನು ಕಾಡುವನು.

"ಹೋಗುತ್ತೆ ಸರಿ, ಬೆರಳಷ್ಟು ಅತ್ತಿತ್ತ ಆದ್ರೆ ದಾರಿ ತಪ್ಪುತ್ತಲ್ಲ! ಪಾಪ ಇದು ಇಟ್ಟ ಕಡೆ ದುಡಿಯುತ್ತೆ," ಎನ್ನುವಳು ಅವಳು.

ಮಾತು ನಿಜ. ಮನೆಯ ಪೆಟ್ಟಿಗೆ ಸಿಗ್ನಲ್ಲನ್ನು ಸುತ್ತಲೂ ಚೆಲ್ಲುತ್ತದೆ. ದೂರಕ್ಕೆ ಕಳಿಸುವ ಆಂಟೆನಾ ಎದುರಿನ ಆಂಟೆನಾಕ್ಕೆ ನೇರ ಮುಖ ಕೊಟ್ಟು ನಿಲ್ಲಬೇಕು. ಹಾಗೆ ನಿಲ್ಲಿಸುವುದೇ ಅವನ ಕಸುಬು. ಆಂಟೆನಾ ತಿರುಗಿಸುತ್ತ ಹೋದರೆ ಸಿಗ್ನಲ್ ಅಳೆಯುವ ಮೀಟರಿನ ಅಂಕಿ ಮೊದಲು ತುಸು ಏರಿ ಇಳಿಯುತ್ತದೆ. ಅದು ಸುಳ್ಳು ಏರು. ಅದನ್ನು ದಾಟಿದವನಿಗಷ್ಟೇ ನಿಜವಾದದ್ದು ಸಿಗುತ್ತದೆ. "ಮೊದಲ ಏರಿಗೆ ಮರುಳಾಗಬೇಡಿ" ಎಂದು ಹೊಸಬರಿಗೆಲ್ಲ ಕಲಿಸಿದವನು ಅವನೇ.

ಗುಡ್ಡದ ಆಸ್ಪತ್ರೆಗೆ ಆಂಟೆನಾ ಕೂರಿಸಿದ ದಿನ ಮಂಡಿ ಸಿಡಿಯುತ್ತಿತ್ತು. ಅಂಕಿ ಏರಿತು, ಆಸ್ಪತ್ರೆಯೊಳಗಿನ ಪರದೆಯಲ್ಲಿ ಪಟ್ಟಣದ ಚಿತ್ರ ಬಂತು. ಅಲ್ಲಿ ನರ್ಸ್ ಆಗಿದ್ದ ತಂಗಿ ಚಿತ್ರ ಬಂತೆಂದು ಕೆಳಗಿನಿಂದ ಕೈಬೀಸಿದಳು. ಸಾಕೆಂದು ಬೋಲ್ಟು ಬಿಗಿದು ಇಳಿದುಬಿಟ್ಟ. ಆನೆಯಂಥ ಆನೆಯೂ ಮುಗ್ಗರಿಸುತ್ತದೆ ಎನ್ನಬಹುದು. ಅಡಿಯಲ್ಲಿ ಸಿಕ್ಕವರಿಗೆ ಅದು ಸಮಾಧಾನವಲ್ಲ.

ಬಿಸಿಲಿರುವವರೆಗೆ ಎಲ್ಲವೂ ನಡೆಯಿತು. ಜೋರು ಮಳೆಯ ಒಂದು ಮಧ್ಯಾಹ್ನ, ಪಟ್ಟಣದ ಡಾಕ್ಟರು ಪರದೆಯಲ್ಲಿ ಹೇಳಿಕೊಡುತ್ತಿದ್ದಂತೆ ತಂಗಿ ಕಷ್ಟದ ಹೆರಿಗೆಯೊಂದನ್ನು ಮಾಡಿಸುತ್ತಿದ್ದಳು. ನಡುವೆಯೇ ಸಂಪರ್ಕ ಕಡಿಯಿತು. ಫೋನು ಅಲ್ಲಿ ಮೊದಲಿಂದಲೂ ಸಿಗದು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ಕಾರಣ ಮಳೆ ಎಂದು ವರದಿಯಾಯಿತು. ಯಾರೂ ಕಂಬದಣ್ಣನತ್ತ ಬೆರಳು ತೋರಿಸಲಿಲ್ಲ. ತಂಗಿ ಮಾತ್ರ ತನ್ನ ಕೈಯೇ ತಪ್ಪಿತೆಂದು ಅನ್ನನೀರು ಬಿಟ್ಟು, ಕೆಲಸ ಬಿಡುವ ಕಾಗದ ಬರೆದಿಟ್ಟಳು.

ಮರುದಿನ ಬೆಳಗ್ಗೆ ಅವನು ಆ ಟವರ್ ಹತ್ತಿದ. ಬೋಲ್ಟು ಸಡಿಲಿಸಿ ಆಂಟೆನಾ ತಿರುಗಿಸಿದ. ಅಂಕಿ ಇಳಿಯಿತು. ಮತ್ತೂ ತಿರುಗಿಸಿದ. ಆಮೇಲೆ ಅದು ಏರಿದ ಎತ್ತರ ನೋಡಿ ಅಲ್ಲೇ ಕಂಬ ತಬ್ಬಿಕೊಂಡು ಅತ್ತ.

ಇಳಿದು ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ ತಂಗಿಯ ಮುಂದೆ ನಿಂತ. "ಮಳೆ ಅಲ್ಲ ಕಣಮ್ಮ. ನಿನ್ನ ಕೈಯೂ ಅಲ್ಲ. ನಾನು ಮೊದಲ ಏರಿಗೇ ನಿಲ್ಲಿಸಿದ್ದೆ. ಸರಿಯಾಗಿ ಕೂರಿಸಿದ್ರೆ ಆ ಮಳೆಗೆ ಕಡೀತಿರಲಿಲ್ಲ."

ಅವಳು ಬರೆದಿಟ್ಟ ಕಾಗದವನ್ನು ಹರಿದಳು. "ಆ ತಾಯಿ ಇನ್ನೂ ವಾರ್ಡಲ್ಲೇ ಇದ್ದಾಳೆ ಅಣ್ಣ. ನನಗೆ ಹೇಳಿದ್ದು ಸಾಲದು."

ಅವನು ಹೆಲ್ಮೆಟ್ ಕಳಚಿ ವಾರ್ಡಿನೊಳಗೆ ಹೋದ. ತಂಗಿ ಹಿಂದೆಯೇ ಬಂದು, ಅವನ ಮಂಡಿಯ ನೆನಪಾಗಿ, ಆ ತಾಯಿಯ ಮಂಚದ ಪಕ್ಕಕ್ಕೆ ಕುರ್ಚಿ ಎಳೆದಳು. ಅವನು ಕೂರಲಿಲ್ಲ. ನಿಂತೇ ಹೇಳಿದ.