ನೇಪಾಳದ ಗುಡ್ಡದಿಂದ ತಂದ ಮಾತು

ಎರಡನೆಯ ಬಿ.ಎ. ಪರೀಕ್ಷೆ ಮುಗಿದ ಮೂರನೆಯ ದಿನ ನಾವು ಎಂಟು ಹುಡುಗಿಯರು, ನಮ್ಮ ಶಾರದಮ್ಮ ಮೇಡಂ ಜೊತೆ ಚಿತ್ರದುರ್ಗದಿಂದ ಹೊರಟೆವು. ಬಸ್ಸಿನಲ್ಲಿ ಹೊಳಲ್ಕೆರೆ ದಾಟಿ ಚಿಕ್ಕಜಾಜೂರಿಗೆ ಬಂದು ಪೂನಾ ಗಾಡಿ ಹತ್ತಬೇಕಿತ್ತು. ನೇಪಾಳದ ಒಂದು ಗುಡ್ಡದ ಹಳ್ಳಿಗೆ ಮೇಲಿನ ಒರತೆಯಿಂದ ಕೊಳವೆಯಲ್ಲಿ ನೀರು ತರುವ ಕೆಲಸ. ಕೊಳವೆ ಹೂಳಲು ನೆಲ ತೋಡುವುದು ನಮ್ಮ ಕಾಲೇಜು ಶಿಬಿರದ ಶ್ರಮದಾನ. ಅಪ್ಪ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಐಮಂಗಲದಿಂದ ಸ್ಟೇಷನ್ನಿಗೆ ಬಂದಿದ್ದ.

“ಕುರಿ ಹೊಡ್ಕಂಡು ನಾನು ಹೊಸದುರ್ಗದಿಂದಾಚೆ ಹೋದೋನಲ್ಲ. ನೀನು ದೇಶಾನೇ ದಾಟ್ತೀಯಲ್ಲವ್ವ,” ಎಂದು ಕಂಬಳಿಯನ್ನೂ ರೊಟ್ಟಿಯ ಗಂಟನ್ನೂ ಕಿಟಕಿಯೊಳಗೆ ತುರುಕಿದ.

ಮೂರನೆಯ ದರ್ಜೆಯ ರಿಯಾಯಿತಿ ಟಿಕೆಟ್ಟಿನಲ್ಲಿ ಗಾಡಿ ಬದಲಿಸುತ್ತಾ ಐದನೆಯ ದಿನ ರಕ್ಸೌಲ್ ತಲುಪಿದೆವು. ಗಡಿ ದಾಟಿ ಕಾಠ್ಮಂಡುವಿಗೆ ಒಂದು ದಿನದ ಬಸ್ಸು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಆಮೇಲೆ ತೂಗುಸೇತುವೆ ದಾಟಿ, ಕಲ್ಲು ಮೆಟ್ಟಿಲು ಹತ್ತಿ ಒಂದೂವರೆ ದಿನ ನಡಿಗೆ. ನಮ್ಮ ಕಡೆ ಬಿಸಿಲು ನೆಲ ಸುಡುವ ಆ ಕಾಲದಲ್ಲಿ ಇಲ್ಲಿ ಬೆಳಿಗ್ಗೆ ಬಾಯಿಂದ ಹೊಗೆ ಬರುತ್ತಿತ್ತು.

ನನ್ನನ್ನು ದಿಲ್‌ಮಾಯಾ ಎಂಬವಳ ಮನೆಯಲ್ಲಿ ಇಳಿಸಿದರು. ಮೂವತ್ತರ ಆಸುಪಾಸಿನವಳು, ಒಂಟಿ. ಮೊದಲ ದಿನವೇ ಅವಳು ಕೋದೋ ಹಿಟ್ಟಿನ ಬಿಸಿ ಮುದ್ದೆ ಬಡಿಸಿದಳು. ಬಾಯಿಗಿಟ್ಟರೆ ಅದು ನಮ್ಮ ರಾಗಿಯೇ! ನನಗೆ ಅಳು ತಡೆಯಲಾಗಲಿಲ್ಲ. ಅವಳು ಏನೂ ಕೇಳದೆ ಇನ್ನೊಂದು ತುತ್ತು ಹಾಕಿದಳು.

ಹಗಲೆಲ್ಲ ಗುದ್ದಲಿ. ಅಂಗೈ ಬೊಕ್ಕೆ ಎದ್ದು ಒಡೆದು ಗಟ್ಟಿಯಾಯಿತು. ನನ್ನ ಪರೀಕ್ಷೆಯ ಹಿಂದಿ, ಅವಳ ಅರೆಬರೆ ಹಿಂದಿ ಸೇರಿ ಮಾತು ಸಾಗುತ್ತಿತ್ತು. ಅವಳು ನನ್ನನ್ನು ‘ಬಹಿನಿ’, ತಂಗಿ, ಎನ್ನುತ್ತಿದ್ದಳು. ಹದಿನೈದು ದಿನದೊಳಗೆ ನಾನು ಮನೆ ನೆನೆಯುವುದನ್ನು ಬಿಟ್ಟಿದ್ದೆ.

ಒಂದು ಸಂಜೆ ಅವಳು ಪೆಟ್ಟಿಗೆಯಿಂದ ಒಂದು ಕಾಗದ ತೆಗೆದಳು. ಗಂಡ ಜೀತ್ ಬಹಾದ್ದೂರ್ ದುಡಿಯಲು ಹಿಂದೂಸ್ತಾನಕ್ಕೆ ಹೋದವನು. ಎರಡು ವರ್ಷದ ಮೇಲೆ ಊರಿಗೆ ಹೊರಟು ಗೋರಖಪುರದವರೆಗೆ ಬಂದಿದ್ದನಂತೆ. ಅಲ್ಲಿ ಸಿಕ್ಕ ಊರಿನವನೊಬ್ಬ, ಮಗ ಜ್ವರದಲ್ಲಿ ತೀರಿಕೊಂಡ ಸುದ್ದಿ ಹೇಳಿದ. ಜೀತ್ ಅಲ್ಲಿಂದಲೇ ಹಿಂದಿರುಗಿಬಿಟ್ಟ. ಆಮೇಲೆ ಬಂದದ್ದು ಇದೊಂದೇ ಕಾಗದ: ‘ಬದುಕಿದ್ದೇನೆ.’ ವಿಳಾಸವಿಲ್ಲ.

ಕಾಗದ ತಿರುವಿದೆ. ಹಿಂದೆ ಕನ್ನಡ ಅಚ್ಚು! ಹಳೆಯ ಬಿಲ್ಲಿನ ಹರಿದ ತುಂಡು. ‘…ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ದಾವಣಗೆರೆ, ಚಿತ್ರದುರ್ಗ ಜಿಲ್ಲೆ.’ ಮೂರು ವರ್ಷದಿಂದ ಆ ಊರಲ್ಲಿ ಯಾರಿಗೂ ಓದಲಾಗದ ಅಕ್ಷರ.

“ದೀದಿ, ಇದು ನಮ್ಮ ಜಿಲ್ಲೆ,” ಎಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಹೊರಡುವ ದಿನ ಹೊಸ ನಲ್ಲಿಯವರೆಗೆ ಬಂದು, ಗಂಡ ಸಿಕ್ಕರೆ ಹೇಳೆಂದು ಒಂದೇ ಮಾತು ಬಾಯಿಪಾಠ ಮಾಡಿಸಿದಳು: “ಕೇಹಿ ಸೋಧ್ದಿನ, ಘರ ಆಉನುಸ್.” ಏನೂ ಕೇಳುವುದಿಲ್ಲ, ಮನೆಗೆ ಬನ್ನಿ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಇಳಿದೆ. ತಿರುವಿನಲ್ಲಿ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು.

ವಾಪಸು ಬರುವಾಗ ಉಳಿದವರನ್ನು ಚಿಕ್ಕಜಾಜೂರಿಗೆ ಕಳಿಸಿ, ಮೇಡಂ ನನ್ನೊಡನೆ ದಾವಣಗೆರೆಯಲ್ಲಿ ಇಳಿದರು. ಎರಡು ಜಿನ್ನಿಂಗ್ ಫ್ಯಾಕ್ಟರಿ ಸುತ್ತಿದೆವು. ಮೂರನೆಯದರ ಗೇಟಿನಲ್ಲಿ ಖಾಕಿ ತೊಟ್ಟ, ಕುಳ್ಳನೆಯ ಕಾವಲುಗಾರ ಸ್ಟೂಲು ಮುಂದೆ ಸರಿಸಿದ.

“ಬರ್ರಿ ಅಕ್ಕಾರೆ, ಕುಂತ್ಕಳ್ರಿ. ಯಾರು ಬೇಕಾಗಿತ್ರಿ?” ಮಾತೆಲ್ಲ ನಮ್ಮದೇ, ಮುಖ ಮಾತ್ರ ಆ ಗುಡ್ಡದ್ದು.

ದಿಲ್‌ಮಾಯಾ ಹೇಳಿಕೊಟ್ಟ ಮಾತು ಹೇಳಿದೆ. ಅವನು ಗೇಟಿನ ಸರಳು ಹಿಡಿದುಕೊಂಡ. “ನಾನು ಹೊರಡೋವಾಗ್ಲೇ ಮಗಂಗೆ ಮೈ ಸರಿ ಇರ್ಲಿಲ್ಲ. ನನ್ನ ಕೈಗೆ ಕೊಟ್ಟು, ಕರ್ಕಂಡು ಹೋಗಿ ಡಾಕ್ಟರಿಗೆ ತೋರ್ಸು ಅಂದಿದ್ಲು ರೀ. ಬಂದ್ಮೇಲೆ ತೋರ್ಸಾಣ ಅಂತ ಬಿಟ್ಟು ಬಂದೆ. ಯಾವ ಮುಖ ಇಟ್ಕಂಡು ಹೋಗ್ಲಿ?” ಎಂದ.

“ಏನೂ ಕೇಳಲ್ಲ ಅಂದಿದಾಳೆ.”

“ಅವಳು ಹೆಂಗಂದ್ಲೋ ಹಂಗೇ ಇನ್ನೊಂದ್ ಸಾರಿ ಅನ್ರಿ.”

ಅಂದೆ. ಮತ್ತೆ ಕೇಳಿದ, ಮತ್ತೆ ಅಂದೆ. ಮೇಡಂ ಆಚೆ ಮುಖ ಮಾಡಿಕೊಂಡಿದ್ದರು.

ದಸರಾ ಹೊತ್ತಿಗೆ ಆ ಗೇಟಿಗೆ ಮತ್ತೊಮ್ಮೆ ಹೋದೆ. ಸ್ಟೂಲಿನ ಮೇಲೆ ಬೇರೆಯವನಿದ್ದ. “ಗೂರ್ಖಾನಾ? ಹೋದ ವಾರ ಊರಿಗೆ ಹೋದ್ನಲ್ರಿ. ಲೆಕ್ಕ ಚುಕ್ತಾ ಮಾಡ್ಕಂಡೇ ಹೋದ. ವಾಪಸ್ ಬರಲ್ಲಂತೆ,” ಎಂದ.

ಚಿತ್ರದುರ್ಗದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತೆ. ಮನೆಯಲ್ಲಿ ಅಷ್ಟರಲ್ಲಾಗಲೇ ನನಗೆ ಹಿರಿಯೂರಿನ ಗಂಡು ಗೊತ್ತುಮಾಡಿದ್ದರು. ಜೀತ್ ಈಗ ತೂಗುಸೇತುವೆ ದಾಟಿರುತ್ತಾನೆ, ಕಲ್ಲು ಮೆಟ್ಟಿಲು ಹತ್ತುತ್ತಿರುತ್ತಾನೆ ಎಂದುಕೊಳ್ಳುತ್ತಾ ಹೋದೆ. ಕಣ್ಣು ತುಂಬಿ ಬಂತು. ಸಂತೋಷಕ್ಕೆ ಎಂದುಕೊಂಡೆ. ಊರು ಹತ್ತಿರವಾದ ಹಾಗೆ ತಿಳಿಯಿತು, ಅದು ಸಂತೋಷಕ್ಕಲ್ಲ; ಆ ಗುಡ್ಡದ ದಾರಿಯಲ್ಲಿ ದಿಲ್‌ಮಾಯಾಳ ಮನೆಗೆ ಮತ್ತೆ ಹೋಗುವ ಆಸೆ ನನಗೂ ಇತ್ತು.